ಶೂಲೆಯ ನಿದಾನ

‘ನಿದಾನ’ ಮತ್ತು ‘ನಿಧಾನ’ ಎಂಬ ಎರಡು ಶಬ್ದಗಳ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಮೊದಲನೆಯದಕ್ಕೆ ಮೂಲಕಾರಣವೆಂದು ಅರ್ಥ. ವೈದ್ಯಶಾಸ್ತ್ರದಲ್ಲಿ ಅದು ರೋಗದ ಕಾರಣವೂ ಹೌದು, ರೋಗವನ್ನು ಗುರುತಿಸುವ ಕ್ರಮವೂ ಹೌದು. ಎರಡನೆಯದಕ್ಕೆ ಸಂಸ್ಕೃತದಲ್ಲಿ ನಿಧಿ, ನಿಕ್ಷೇಪ ಎಂಬ ಅರ್ಥಗಳಿದ್ದರೆ ಕನ್ನಡಿಗರ ಬಾಯಲ್ಲಿ ಅದು ಸಾವಕಾಶ. ಜೈನ ಪರಿಭಾಷೆಯಲ್ಲಿ ‘ನಿದಾನ’ಕ್ಕೆ ಇನ್ನೊಂದು ಅರ್ಥವಿದೆ. ಮಾಡಿದ ತಪಸ್ಸಿಗೆ ಪ್ರತಿಯಾಗಿ ಲೌಕಿಕ ಭೋಗವನ್ನು ಬಯಸುವುದೇ ನಿದಾನ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರನ್ನು ಶಾಸ್ತ್ರಕಾರರು ಶಲ್ಯಗಳೆಂದು, ಎಂದರೆ ಒಳಗೆ ಮುರಿದು ಉಳಿದ ಮುಳ್ಳುಗಳೆಂದು ಕರೆದಿದ್ದಾರೆ. ಪಂಪನ ಆದಿಪುರಾಣದಲ್ಲಿ ಜಯವರ್ಮನು ಖೇಚರನ ವೈಭವವನ್ನು ಕಂಡು ಮಾಡಿದ ನಿದಾನವೇ ಅವನನ್ನು ಮುಂದಿನ ಭವದಲ್ಲಿ ಮಹಾಬಲನನ್ನಾಗಿಸುತ್ತದೆ. ಅಲ್ಲಿಯೂ ನಿದಾನವು ಒಂದು ಕಾರಣವೇ. ಭವದಿಂದ ಭವಕ್ಕೆ ಕೊಂಡೊಯ್ಯುವ ಕಾರಣ.

ದೇಹದ ನೋವಿಗೆ ಕಾರಣ ಹುಡುಕುವಾಗ ನಮ್ಮ ಪರಂಪರೆ ಈ ಅರ್ಥಗಳ ನಡುವೆ ಓಡಾಡುತ್ತ ಬಂದಿದೆ. ಅದರಲ್ಲೂ ಹೊಟ್ಟೆನೋವಿನ ವಿಷಯದಲ್ಲಿ. ಗಾಯವಾದರೆ ಕಣ್ಣಿಗೆ ಕಾಣುತ್ತದೆ, ಜ್ವರ ಬಂದರೆ ಕೈಗೆ ತಿಳಿಯುತ್ತದೆ. ಹೊಟ್ಟೆಯೊಳಗಿನ ಶೂಲೆಯಾದರೋ ಬಂದು ಹೋಗುತ್ತದೆ, ಹೋಗಿ ಬರುತ್ತದೆ. ನೋಡುವವರಿಗೆ ಗುರುತಿಲ್ಲ, ಅನುಭವಿಸುವವರಿಗೆ ಸಾಕ್ಷಿಯಿಲ್ಲ. ಕಾರಣ ಕಾಣದಿದ್ದೆಡೆ ಅರ್ಥ ತುಂಬುವುದು ಮನುಷ್ಯಸ್ವಭಾವ. ಹೀಗಾಗಿ ಭಾರತೀಯ ಸಾಹಿತ್ಯದಲ್ಲಿ ಹೊಟ್ಟೆನೋವಿಗೆ ಬಂದಷ್ಟು ಕಥೆಗಳು ತಲೆನೋವಿಗೆ ಬರಲಿಲ್ಲ.

ವೈದ್ಯಗ್ರಂಥಗಳ ದಾರಿ ಬೇರೆ. ಶಂಕುವಿನಿಂದ ಚುಚ್ಚಿದಂತೆ ನೋವಾಗುವುದರಿಂದಲೇ ಇದಕ್ಕೆ ಶೂಲವೆಂಬ ಹೆಸರು ಬಂದಿತೆಂದು ಸುಶ್ರುತಸಂಹಿತೆ ಹೇಳುತ್ತದೆ. ‘ಮಾಧವನಿದಾನ’ವೆಂದೇ ಪ್ರಸಿದ್ಧವಾದ ಮಾಧವಕರನ ರೋಗವಿನಿಶ್ಚಯವು ಶೂಲದಲ್ಲಿ ಎಂಟು ಬಗೆಗಳನ್ನು ಎಣಿಸಿ, ಎಲ್ಲದರಲ್ಲಿಯೂ ವಾಯುವಿನ ಪ್ರಾಬಲ್ಯವನ್ನು ಗುರುತಿಸುತ್ತದೆ. ಉಂಡ ಅನ್ನವು ಜೀರ್ಣವಾಗುವ ಹೊತ್ತಿಗೆ ಏಳುವ ನೋವನ್ನು ಪರಿಣಾಮಶೂಲವೆಂದು ಬೇರೆಯಾಗಿ ಹೆಸರಿಸುತ್ತದೆ. ನೋವು ಎಲ್ಲಿ ಎಂಬುದರೊಡನೆ, ಉಂಡ ಎಷ್ಟು ಹೊತ್ತಿಗೆ ಎಂಬುದನ್ನೂ ಕೇಳುವುದು ಈ ಗ್ರಂಥಗಳ ವೈಶಿಷ್ಟ್ಯ. ರೋಗವನ್ನು ತಿಳಿಯಲು ಅವು ಹೇಳುವ ಉಪಾಯಗಳು ಐದು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ನಾಲ್ಕನೆಯದಾದ ಉಪಶಯವು ವಿಶೇಷ ಗಮನಕ್ಕೆ ಅರ್ಹವಾದುದು. ಲಕ್ಷಣಗಳಿಂದ ರೋಗ ತಿಳಿಯದಿದ್ದಾಗ ಒಂದು ಆಹಾರವನ್ನೋ ಔಷಧವನ್ನೋ ವಿಹಾರವನ್ನೋ ಕೊಟ್ಟು ಅಥವಾ ಬಿಡಿಸಿ ನೋಡಬೇಕು. ಹಿತವಾದರೆ ಒಂದು ತೀರ್ಮಾನ, ಅಹಿತವಾದರೆ ಇನ್ನೊಂದು. ಅಡಗಿರುವ ಕಾರಣವನ್ನು ಪ್ರಯೋಗದಿಂದ ಹೊರಗೆ ಬರಿಸುವ ಕ್ರಮವಿದು.

ಈ ಪ್ರಾಯೋಗಿಕ ಬುದ್ಧಿಯನ್ನು ಕನ್ನಡ ನಾಡಿನ ಜೈನ ಗ್ರಂಥಕಾರರೂ ಮೈಗೂಡಿಸಿಕೊಂಡಿದ್ದರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಔಷಧವಾಗಿಯೂ ಮಾಂಸವು ಸಲ್ಲದೆಂಬುದನ್ನು ಅದರ ಹಿತಾಹಿತ ಪ್ರಕರಣದಲ್ಲಿ ವಾದಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಕೀರ್ತಿವರ್ಮನು ‘ಗೋವೈದ್ಯ’ದಲ್ಲಿ ಮಾತು ಬಾರದ ಪಶುವಿನ ರೋಗವನ್ನು ವಿಷಯವಾಗಿಸಿದರೆ, ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನು ವರ್ಗೀಕರಿಸಿದನು. ಧರ್ಮನಿಷ್ಠರಾದ ಈ ಕವಿಗಳು ಕರ್ಮಸಿದ್ಧಾಂತವನ್ನು ನಂಬಿದ್ದವರೇ. ಆದರೂ ರೋಗಿಯ ಮುಂದೆ ನಿಂತಾಗ, ಅವನು ಯಾವ ಜನ್ಮದಲ್ಲಿ ಏನು ಮಾಡಿದನೆಂಬುದಕ್ಕಿಂತ ಇಂದು ಏನನ್ನು ಉಂಡನೆಂಬುದೇ ಅವರಿಗೆ ಮುಖ್ಯವಾಗಿತ್ತು.

ಇನ್ನು ಕಥೆಗಳ ಕಡೆಗೆ ಬಂದರೆ ಮೂರು ಹೊಟ್ಟೆಗಳು ಎದುರಾಗುತ್ತವೆ.

ಮೊದಲನೆಯದು ಸಮಂತಭದ್ರಾಚಾರ್ಯರದು. ಅವರಿಗೆ ಬಂದುದು ಶೂಲೆಯಲ್ಲ, ಭಸ್ಮಕವ್ಯಾಧಿ. ಉಂಡುದೆಲ್ಲವೂ ಬೂದಿಯಾಗಿ ಹಸಿವು ಹಿಂಗದ ರೋಗ. 1838ರ ದೇವಚಂದ್ರನ ‘ರಾಜಾವಳಿಕಥೆ’ಯ ಪ್ರಕಾರ ಮಣುವಕಹಳ್ಳಿಯಲ್ಲಿ ತಪಸ್ಸಿನಲ್ಲಿದ್ದಾಗ ಈ ವ್ಯಾಧಿ ಬಂದಿತು. ಮುನಿಗೆ ದಿನಕ್ಕೊಂದೇ ಆಹಾರ. ರೋಗಕ್ಕೆ ಎಷ್ಟು ತಿಂದರೂ ಸಾಲದು. ಅವರು ಗುರುವಿನಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಒಪ್ಪಲಿಲ್ಲ. ದೀಕ್ಷೆಯನ್ನು ಬದಿಗಿಟ್ಟು, ರೋಗ ಶಮನವಾಗುವವರೆಗೆ ಉಂಡು, ಆಮೇಲೆ ಮತ್ತೆ ದೀಕ್ಷೆ ಪಡೆಯೆಂದರು. ಆಮೇಲಿನದು ಪ್ರಸಿದ್ಧ ಕಥೆ. ಕಂಚಿಯ ಶಿವಕೋಟಿ ರಾಜನ ಭೀಮಲಿಂಗದ ಗುಡಿಯಲ್ಲಿ ದೇವರಿಗೆ ನೈವೇದ್ಯವನ್ನು ಉಣಿಸುವೆನೆಂದು ಒಪ್ಪಿಸಿ, ಬಾಗಿಲು ಮುಚ್ಚಿ ರಾಶಿ ಅನ್ನವನ್ನು ತಾವೇ ಉಣ್ಣುತ್ತಾರೆ. ದಿನ ಕಳೆದಂತೆ ಅನ್ನ ಉಳಿಯತೊಡಗುತ್ತದೆ. ರಾಜನಿಗೆ ಸಂದೇಹ ಹುಟ್ಟುತ್ತದೆ. ಕೊನೆಗೆ ಸ್ವಯಂಭೂಸ್ತೋತ್ರವೂ ಚಂದ್ರಪ್ರಭ ಜಿನಬಿಂಬದ ಪ್ರಾದುರ್ಭಾವವೂ ನಡೆಯುತ್ತವೆ. ಪ್ರಭಾಚಂದ್ರನ ಕಥಾಕೋಶದಲ್ಲಿ ಸ್ಥಳ ವಾರಣಾಸಿ. ಭಸ್ಮಕದ ಐತಿಹ್ಯವು ಹಳೆಯದೆಂಬುದಕ್ಕೆ ಶ್ರವಣಬೆಳಗೊಳದ 1129ರ ಮಲ್ಲಿಷೇಣಪ್ರಶಸ್ತಿಯೇ ಸಾಕ್ಷಿ. ಈ ಕಥೆಯಲ್ಲಿ ಪವಾಡವನ್ನು ಕಂಡವರು ಬಹಳ. ಪವಾಡಕ್ಕೆ ಮೊದಲೇ ಒಂದು ತೀರ್ಮಾನವಾಗಿರುವುದನ್ನು ಗಮನಿಸಿದವರು ಕಡಿಮೆ. ರೋಗವನ್ನು ವ್ರತಭಂಗದ ಫಲವೆಂದಾಗಲಿ ವೈರಾಗ್ಯದ ಕೊರತೆಯೆಂದಾಗಲಿ ಗುರು ಹೇಳುವುದಿಲ್ಲ; ರೋಗವನ್ನು ರೋಗವೆಂದೇ ನೋಡುತ್ತಾರೆ. ಗುಣವಾಯಿತೆಂಬುದಕ್ಕೆ ಪ್ರಮಾಣವೂ ಪವಾಡವಲ್ಲ, ಎಡೆಯಲ್ಲಿ ಉಳಿದ ಅನ್ನ.

ಎರಡನೆಯದು ಜೈನ ಓದುಗರಿಗೆ ಅಷ್ಟು ಸುಲಭವಲ್ಲದ ಕಥೆ. ಇಂದಿನ ಕಡಲೂರಿನ ತಿರುಪ್ಪಾದಿರಿಪ್ಪುಲಿಯೂರಿನ ಜೈನ ನೆಲೆಯಲ್ಲಿ ಧರ್ಮಸೇನನೆಂಬ ಹೆಸರಿನಿಂದ ಗಣ್ಯನಾಗಿದ್ದ ಮುನಿಗೆ ತಡೆಯಲಾರದ ಶೂಲೆ ಬಂದಿತು. ಸಹಮುನಿಗಳ ಮಂತ್ರದಿಂದ ಅದು ಅಡಗಲಿಲ್ಲ. ಅವನು ರಾತ್ರಿಯೇ ಹೊರಟು ತಿರುವದಿಗೈಯಲ್ಲಿದ್ದ ಅಕ್ಕ ತಿಲಕವತಿಯ ಬಳಿಗೆ ಹೋದ. ಅವಳು ಕೊಟ್ಟ ವಿಭೂತಿಯನ್ನು ಧರಿಸಿ ಶಿವನನ್ನು ಹಾಡಿದಾಗ ನೋವು ಹೋಯಿತು. ಅವನೇ ಏಳನೆಯ ಶತಮಾನದ ಅಪ್ಪರ್, ತಿರುನಾವುಕ್ಕರಸರ್. ಹನ್ನೆರಡನೆಯ ಶತಮಾನದ ಶೇಕ್ಕಿಳಾರನ ‘ಪೆರಿಯಪುರಾಣಂ’ ಈ ಶೂಲೆಯನ್ನು ಶಿವನೇ ಕಳುಹಿಸಿದ ಅನುಗ್ರಹವೆಂದು ಬಗೆಯುತ್ತದೆ. ಮತಗಳ ಪೈಪೋಟಿಯ ಕಾಲದಲ್ಲಿ ಒಬ್ಬನ ಹೊಟ್ಟೆಯೂ ವಾದದ ಅಂಗಳವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೂ ಶೂಲೆಯಿಂದ ಬಳಲಿದವನು ಕತ್ತಲಲ್ಲಿ ಅಕ್ಕನ ಮನೆಯನ್ನು ನೆನೆದನೆಂಬ ಮಾತು ಮತಾತೀತವಾಗಿ ಸತ್ಯವೆನಿಸುತ್ತದೆ.

ಮೂರನೆಯದು ಕನ್ನಡಿಗರಿಗೆಲ್ಲ ಪರಿಚಿತವಾದುದು. ರಾಯಚೂರು ಸೀಮೆಯ ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ, ಊಟ ತಡವಾದರೆ ತನಗೆ ಹೊಟ್ಟೆನೋವು ಬರುತ್ತದೆಂದು ನೆಪ ಹೇಳಿ ತಪ್ಪಿಸಿಕೊಂಡರೆಂದೂ, ನೆಪವಾಗಿ ಹೇಳಿದ ನೋವು ನಿಜವಾಗಿ ಬಂದಿತೆಂದೂ ಐತಿಹ್ಯ. ಯಾವ ಚಿಕಿತ್ಸೆಗೂ ಬಗ್ಗದೆ ಕೊನೆಗೆ ವಿಜಯದಾಸರಲ್ಲಿ ಕ್ಷಮೆ ಬೇಡಿದರು. ಅವರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದರು. ಹೀಗೆ ಉಳಿದವರೇ ಜಗನ್ನಾಥದಾಸರು. ಅವರಿಂದ ಬಂದುದು ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’. ಇಲ್ಲಿ ಶೂಲೆಯ ನಿದಾನ ಅಹಂಕಾರ. ಸಂಸ್ಕೃತದ ಗರ್ವವು ಕನ್ನಡದ ಮುಂದೆ ಬಾಗಿದ ಈ ಕಥೆ ಸಾಹಿತ್ಯಚರಿತ್ರೆಯ ರೂಪಕವಾಗಿ ಬಹಳ ಸೊಗಸಾದುದು. ರೂಪಕವನ್ನು ರೋಗನಿರ್ಣಯವಾಗಿ ಓದಿಕೊಂಡಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರದ ಅಂಚಿಗೆ ಹೋದರೆ ಸಾಕು.

ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಿಂದ ಒಳಕ್ಕೆ ತಿರುಗಿದರೆ ಕೋಗಿಲು. ಕೆರೆ, ರಾಗಿಹೊಲಗಳ ಹಳ್ಳಿಯಾಗಿದ್ದು ಯಲಹಂಕದೊಡನೆ ಬೆಳೆದು ಬಡಾವಣೆಗಳ ಊರಾಗಿದೆ. ಅಲ್ಲಿ ನೆಲೆಸಿದ ನಿವೃತ್ತ ಕನ್ನಡ ಮೇಷ್ಟರೊಬ್ಬರು ಗಮಕಿಗಳು. ಶನಿವಾರ ಸಂಜೆ ಒಂದೊಂದು ಮನೆಯಲ್ಲಿ ಕಾವ್ಯವಾಚನ. ಒಂದು ವರ್ಷ ಕುಮಾರವ್ಯಾಸ, ಇನ್ನೊಂದು ವರ್ಷ ಲಕ್ಷ್ಮೀಶ, ಆಮೇಲೆ ಹರಿಕಥಾಮೃತಸಾರ. ಕೇಳುವವರು ಹದಿನೈದೋ ಇಪ್ಪತ್ತೋ ಮಂದಿ. ನಿವೃತ್ತಿಯ ಅನಂತರದ ಬದುಕಿಗೆ ಅದೇ ಊರುಗೋಲು. ಐವತ್ತೆಂಟನೆಯ ವಯಸ್ಸಿಗೆ ನಿವೃತ್ತರಾದ ಮರುವರ್ಷದಿಂದ ಅವರಿಗೆ ಹೊಟ್ಟೆನೋವು ಆರಂಭವಾಯಿತು. ಹೊಕ್ಕುಳ ಸುತ್ತ ತಿರುಚಿದಂತೆ ನೋವು, ಉಬ್ಬರ, ತಡೆಯಲಾಗದ ವಾಯು. ಅದೂ ಹೆಚ್ಚಾಗಿ ವಾಚನದ ನಡುವೆಯೇ. ಗಮಕಿಗೆ ಉಸಿರೇ ಬಂಡವಾಳ. ಹೊಟ್ಟೆ ಬಿಗಿದರೆ ಉಸಿರು ನಿಲ್ಲದು, ಉಸಿರು ನಿಲ್ಲದಿದ್ದರೆ ರಾಗ ನಿಲ್ಲದು. ನೋವಿಗಿಂತ ನಾಚಿಕೆ ದೊಡ್ಡದಾಯಿತು. ಸಭೆಯಲ್ಲಿ ಕುಳಿತವನಿಗೆ ವಾಯು ಎಂಬುದು ನಗೆಯ ವಸ್ತು, ಯಾರಲ್ಲಿಯೂ ಹೇಳಿಕೊಳ್ಳುವಂತಿಲ್ಲ. ಪದ್ಯದ ನಡುವೆ ನಿಲ್ಲಿಸಿ ಎದ್ದುಹೋದ ಎರಡು ಮೂರು ಸಂಜೆಗಳಾದ ಮೇಲೆ ಅವರು ವಾಚನವನ್ನೇ ಬಿಡುವ ಯೋಚನೆಗೆ ಬಂದರು.

ವೈದ್ಯರನ್ನು ಕಾಣದೆ ಇರಲಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ಆದವು. ಹುಣ್ಣಿಲ್ಲ, ಕಲ್ಲಿಲ್ಲ, ಗಂಟಿಲ್ಲ. ಆಮ್ಲ ತಗ್ಗಿಸುವ ಮಾತ್ರೆಗಳು ಬಂದವು. ಒಬ್ಬರು ‘ಟೆನ್ಷನ್’ ಎಂದರು. ಆ ಮಾತು ಅವರಲ್ಲಿ ಬೇರೆಯಾಗಿ ಬೇರೂರಿತು. ಆಗ ವಾಚನದಲ್ಲಿದ್ದುದು ಹರಿಕಥಾಮೃತಸಾರ. ಜಗನ್ನಾಥದಾಸರ ಕಥೆಯನ್ನು ಅವರೇ ಸಭೆಗೆ ವ್ಯಾಖ್ಯಾನಿಸಿದ್ದರು. ತಾನು ಯಾರನ್ನು ಅವಮಾನಿಸಿದೆನೆಂದು ಹುಡುಕತೊಡಗಿದರು. ಹುಡುಕಿದರೆ ಸಿಗದವರು ಯಾರು? ಹಲವು ವರ್ಷಗಳ ಹಿಂದೆ ಕಿರಿಯ ಸಹೋದ್ಯೋಗಿಯೊಬ್ಬರ ಕವಿತಾಸಂಕಲನವನ್ನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರು ಹೀಯಾಳಿಸಿದ್ದು ನೆನಪಾಯಿತು. ವಿಳಾಸ ಹುಡುಕಿ ಹೋಗಿ ಕ್ಷಮೆ ಕೇಳಿದರು. ಆತ ಕಣ್ಣು ತುಂಬಿಕೊಂಡು, ‘ಅದನ್ನೆಲ್ಲ ಇನ್ನೂ ನೆನಪಿಟ್ಟುಕೊಂಡಿದ್ದೀರಾ ಸಾರ್’ ಎಂದು ಕಾಫಿ ಕೊಟ್ಟರು. ಆ ಕ್ಷಮೆ ವ್ಯರ್ಥವಾಗಲಿಲ್ಲ. ಇಬ್ಬರ ನಡುವಿನ ಸ್ನೇಹ ಮರಳಿತು. ಹೊಟ್ಟೆನೋವು ಮಾತ್ರ ಮುಂದಿನ ಶನಿವಾರ ಎಂದಿನಂತೆ ಬಂದಿತು.

ಕಾರಣ ಬಯಲಾದುದು ಅಡುಗೆಮನೆಯ ಗೋಡೆಯ ಮೇಲೆ. ಅವರ ಶ್ರೀಮತಿಯವರು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮನೆಗಳಲ್ಲಿ ಬರೆಯುತ್ತಿದ್ದರು. ಗಂಡನಿಗೆ ನೋವು ಬಂದ ದಿನವೂ ಅಲ್ಲಿಯೇ ಒಂದು ಚುಕ್ಕೆ ಇಡತೊಡಗಿದರು. ಶನಿವಾರಗಳಲ್ಲೆಲ್ಲ ಚುಕ್ಕೆ. ಮನೆಯಲ್ಲಿ ಪಾಯಸ ಮಾಡಿದ ಹಬ್ಬಗಳಲ್ಲಿ ಚುಕ್ಕೆ. ಒಂದು ಶನಿವಾರ ಮಾತ್ರ ಖಾಲಿ. ಆ ಸಂಜೆ ವಾಚನದ ಮನೆಯಲ್ಲಿ ಹಾಲು ಒಡೆದಿತ್ತು. ಗಮಕಿಗಳಿಗೆ ಕಲ್ಲುಸಕ್ಕರೆ, ಮೆಣಸು ಹಾಕಿದ ಬಿಸಿನೀರು ಕೊಟ್ಟಿದ್ದರು. ಉಳಿದ ಶನಿವಾರಗಳಲ್ಲಿ ಕಂಠಕ್ಕೆ ಹಿತವೆಂದು ವಾಚನಕ್ಕೆ ಮೊದಲು ಕೇಸರಿ ಬಾದಾಮಿಯ ಬಿಸಿ ಹಾಲು, ದೊಡ್ಡ ಬೆಳ್ಳಿ ಲೋಟದ ತುಂಬ. ಅದು ಕೋಗಿಲಿನ ಮನೆಗಳು ಗಮಕಿಗೆ ಸಲ್ಲಿಸುವ ಮರ್ಯಾದೆ. ನೋವಿನಿಂದ ಮನೆಗೆ ಬಂದ ರಾತ್ರಿ, ಹೊಟ್ಟೆ ತಣ್ಣಗಾಗಲೆಂದು ಮತ್ತೊಂದು ಲೋಟ ಹಾಲು. ‘ರೀ, ನಿಮ್ಮ ಶತ್ರು ಯಾರೂ ಅಲ್ಲ, ಈ ಹಾಲೇ ಇರಬೇಕು ನೋಡಿ’ ಎಂದರು ಆಕೆ. ಮೇಷ್ಟರು ನಂಬಲಿಲ್ಲ. ಹಾಲು ಸಾತ್ತ್ವಿಕ ಆಹಾರ, ಹುಟ್ಟಿದಂದಿನಿಂದ ಕುಡಿದದ್ದು. ಆದರೂ ಎರಡು ವಾರ ಹಾಲು, ಪಾಯಸಗಳನ್ನು ಬಿಟ್ಟರು. ಮಜ್ಜಿಗೆ, ಮೊಸರು ಮಾತ್ರ. ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ. ಹದಿನೈದನೆಯ ದಿನ ಬೇಕೆಂದೇ ಒಂದು ದೊಡ್ಡ ಲೋಟ ಹಾಲು ಕುಡಿದರು. ಗಂಟೆಯೊಳಗೆ ಉಬ್ಬರ, ತಿರುಚು ಎರಡೂ ಹಾಜರು. ಹಾಲಿನ ಸಕ್ಕರೆ ಜೀರ್ಣವಾಗುವುದೋ ಇಲ್ಲವೋ ಎಂದು ಉಸಿರಿನಲ್ಲಿಯ ಹೈಡ್ರೋಜನ್ ಅಳೆದು ನೋಡುವ ಪರೀಕ್ಷೆಯಿದೆಯೆಂದು ವೈದ್ಯರು ಹೇಳಿದರು. ಕ್ಯಾಲೆಂಡರನ್ನು ನೋಡಿ, ಸದ್ಯಕ್ಕೆ ಅದು ಬೇಕಿಲ್ಲವೆಂದೂ ಹೇಳಿದರು. ಉಸಿರನ್ನು ನಂಬಿ ಬದುಕಿದ ಗಮಕಿಯ ಹೊಟ್ಟೆಯ ಗುಟ್ಟು ಉಸಿರಿನಲ್ಲಿಯೇ ಇತ್ತು. ಆಕೆ ಮಾಡಿದ ಪ್ರಯೋಗಕ್ಕೆ ಶಾಸ್ತ್ರಕಾರರು ಇಟ್ಟ ಹೆಸರೇ ಉಪಶಯ.

ಇದರ ಹಿಂದಿನ ಕ್ರಮ ಸರಳವಾದುದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಹಸುಳೆಯಲ್ಲಿ ಅದು ಹೇರಳ. ಬೆಳೆದಂತೆ ಬಹುಪಾಲು ಮನುಷ್ಯರಲ್ಲಿ ತಗ್ಗುತ್ತದೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆಯೇ. ವಯಸ್ಸಾದರೂ ಕಿಣ್ವವನ್ನು ಉಳಿಸುವ ವಂಶವಾಹಿ ಭೇದವು ಭಾರತದಲ್ಲಿ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬರುತ್ತ ಕಡಿಮೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಸುತ್ತವೆ. ಹೈಡ್ರೋಜನ್ ಮುಂತಾದ ಅನಿಲಗಳು ಹುಟ್ಟುತ್ತವೆ. ಮೊಸರಿನಲ್ಲಿ ಹೆಪ್ಪಿನ ಜೀವಿಗಳೇ ಈ ಕೆಲಸವನ್ನು ಭಾಗಶಃ ಮಾಡಿ ಮುಗಿಸಿರುವುದರಿಂದ ಅದು ಅನೇಕರಿಗೆ ಒಗ್ಗುತ್ತದೆ. ಕಾಫಿಗೆ ಹಾಕುವ ಅಷ್ಟಿಷ್ಟು ಹಾಲೂ ಸಾಮಾನ್ಯವಾಗಿ ತೊಂದರೆ ಕೊಡದು. ನಮ್ಮ ನಾಡಿನ ಊಟ ಮಜ್ಜಿಗೆಯಲ್ಲಿ ಮುಗಿಯುವುದರ ಹಿಂದೆ ಹೊಟ್ಟೆಗಳ ದೀರ್ಘ ಅನುಭವವಿರಬಹುದು.

ಮದ್ದೆಂದು ಕುಡಿದದ್ದೇ ನೋವಿನ ಕಾರಣವಾದದ್ದು ಕೋಗಿಲಿನ ವಿಚಿತ್ರವೇನಲ್ಲ. ಹೊಟ್ಟೆಯ ಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪಥ್ಯವನ್ನು 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಪ್ರಚುರಪಡಿಸಿದನು. ಅದು ದಶಕಗಳ ಕಾಲ ನಡೆಯಿತು. ಹಾಲು ಕ್ಷಣಕಾಲ ತಂಪೆನಿಸಿ ಅನಂತರ ಆಮ್ಲವನ್ನು ಹೆಚ್ಚಿಸುತ್ತದೆಂಬುದು ಆಮೇಲೆ ತಿಳಿಯಿತು. ಆ ಹುಣ್ಣುಗಳಿಗೆ ಚಿಂತೆ, ಒತ್ತಡಗಳೇ ಕಾರಣವೆಂದು ಜಗತ್ತೆಲ್ಲ ನಂಬಿದ್ದಾಗ ಆಸ್ಟ್ರೇಲಿಯದ ಪರ್ತಿನಲ್ಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಒಪ್ಪುವವರಿಲ್ಲದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದನು. ಅವರಿಬ್ಬರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ‘ಟೆನ್ಷನ್’ ಎಂಬ ಮಾತು ಕಾರಣ ಕಾಣದಾಗ ವೈದ್ಯಕೀಯವೂ ಹೇಳುವ ಐತಿಹ್ಯವೆಂದರೆ ತಪ್ಪಾಗದು. ಮನಸ್ಸಿಗೂ ಕರುಳಿಗೂ ಸಂಬಂಧವಿಲ್ಲವೆಂದಲ್ಲ, ಇದೆ. ಆದರೆ ಸಂಬಂಧವಿದೆಯೆಂಬುದು ಹುಡುಕಾಟವನ್ನು ನಿಲ್ಲಿಸಲು ಕಾರಣವಾಗಬಾರದು.

ಹಾಗೆಂದು ಮೇಷ್ಟರ ಎಂಡೋಸ್ಕೋಪಿ ದಂಡವಾಯಿತೆಂದು ತಿಳಿಯಬಾರದು. ಐವತ್ತು ದಾಟಿದವರಿಗೆ ಹೊಸದಾಗಿ ಹೊಟ್ಟೆನೋವು ಬಂದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ, ನೋವು ನಿದ್ದೆಯಿಂದ ಎಬ್ಬಿಸಿದರೆ, ಕ್ಯಾಲೆಂಡರಿಗಿಂತ ಮೊದಲು ವೈದ್ಯರು. ದೊಡ್ಡ ಕಾರಣಗಳು ಇಲ್ಲವೆಂದು ಖಚಿತವಾದ ಮೇಲೆಯೇ ಸಣ್ಣ ಕಾರಣವನ್ನು ಹುಡುಕುವ ಸಾವಕಾಶ ದೊರೆಯುವುದು. ನಿದಾನಕ್ಕೆ ನಿಧಾನ ಬೇಕು. ಆದರೆ ಆ ನಿಧಾನವು ನಿರ್ಲಕ್ಷ್ಯವಾಗಬಾರದು.

ಕಾರಣದ ಚರ್ಚೆಯಲ್ಲಿ ಜೈನ ದಾರ್ಶನಿಕರು ಉಪಾದಾನ, ನಿಮಿತ್ತ ಎಂಬ ಎರಡನ್ನು ಬಿಡಿಸಿ ಹೇಳುತ್ತಾರೆ. ಮಣ್ಣು ಮಡಕೆಗೆ ಉಪಾದಾನ, ಕುಂಬಾರ ನಿಮಿತ್ತ. ಅದೇ ಪಾತ್ರೆಯ ಹಾಲನ್ನು ಕುಡಿದ ಇತರರಿಗೆ ಏನೂ ಆಗಲಿಲ್ಲ. ಆದುದರಿಂದ ಹಾಲು ವಿಷವಲ್ಲ, ನಿಮಿತ್ತ. ಕಿಣ್ವ ತಗ್ಗಿದ ಕರುಳು ಉಪಾದಾನ. ಅದರಲ್ಲಿಯೂ ಯಾರ ಅಪರಾಧವಿಲ್ಲ. ಅಪರಾಧಿಯನ್ನು ಹುಡುಕುವುದೂ ಕಾರಣವನ್ನು ಹುಡುಕುವುದೂ ಒಂದೇ ಅಲ್ಲವೆಂಬ ಈ ವಿವೇಕವನ್ನು ಮೇಷ್ಟರು ಮೂರು ವರ್ಷಗಳ ಸಂಕಟದಿಂದ ಪಡೆದರು. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ವೇದನೆಯನ್ನೂ ನಿದಾನವನ್ನೂ ಅದರಲ್ಲಿ ಸೇರಿಸುತ್ತದೆ. ನೋವು ಒಂದು, ನೋವನ್ನೇ ಕುರಿತು ಮನಸ್ಸು ಸುತ್ತುತ್ತಿರುವುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯನಿದ್ದಾನೆ. ಎರಡನೆಯದು, ಕಾರಣವೆಂಬ ಹೆಸರಿನಲ್ಲಿ ದೋಷವನ್ನು ಹೊತ್ತು ತಿರುಗುವಷ್ಟು ಕಾಲವೂ ಒಳಗಿನ ಮುಳ್ಳಾಗಿ ಉಳಿಯುತ್ತದೆ.

ಸಮಂತಭದ್ರರ ಗುರುವಿನ ಹೆಸರನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಶಿಷ್ಯನ ವ್ಯಾಧಿಗೆ ಪಾಪಪುಣ್ಯದ ಲೆಕ್ಕ ಹಾಕದೆ ಮೊದಲು ಉಂಡು ಗುಣವಾಗೆಂದ ಆ ಒಂದು ಮಾತಿನಿಂದ ಆಪ್ತಮೀಮಾಂಸೆಯನ್ನು ಬರೆದ ಜೀವ ಉಳಿಯಿತೆಂದು ಪರಂಪರೆ ನಂಬುತ್ತದೆ. ಕೋಗಿಲಿನಲ್ಲಿ ಈಗ ಶನಿವಾರದ ವಾಚನಕ್ಕೆ ಬಿಸಿನೀರು, ಕಲ್ಲುಸಕ್ಕರೆ, ಮೆಣಸು. ಹರಿಕಥಾಮೃತಸಾರ ಮುಗಿದು ಗದುಗಿನ ಭಾರತ ಮತ್ತೆ ಆರಂಭವಾಗಿದೆ. ವಿರಾಟಪರ್ವದಲ್ಲಿ ವಲಲನ ಅಡುಗೆಮನೆ ಬಂದಾಗ ಸಭೆ ಮೊದಲಿಗಿಂತ ಹೆಚ್ಚು ನಗುತ್ತದೆಂದು ಕೇಳಿದವರು ಹೇಳುತ್ತಾರೆ.